ಸೂತಕದಲ್ಲಿ ಹುಟ್ಟಿದ ರಾಗ

ಕೋಟು ಕಪ್ಪಾಗಿರಲಿಲ್ಲ. ಅಕ್ಕ ಡೆಲ್ಮಿರಾ ಅದನ್ನು ಹಂಡೆಯಲ್ಲಿ ಮತ್ತೆ ಮತ್ತೆ ಕುದಿಸಿದ್ದಳು, ಕೋಲಿನಿಂದ ಅದುಮಿ ಮುಳುಗಿಸಿದ್ದಳು, ಬಣ್ಣ ಹಿಡಿಯಲೆಂದು ವಿನಿಗರ್ ಸುರಿದು ಮನೆಯೆಲ್ಲ ಹುಳಿ ಘಾಟು ಎಬ್ಬಿಸಿದ್ದಳು. ಆದರೂ ಅಂಗಳದ ತಂತಿಯ ಮೇಲಿಂದ ಇಳಿಸಿದಾಗ ಆ ಬೂದು ಕೋಟು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು, ಹೊಲಿಗೆಗಳ ಉದ್ದಕ್ಕೂ ಹಠ ಹಿಡಿದಂತೆ ಬೂದಾಗಿಯೇ ಉಳಿದಿತ್ತು. ಎವಾರಿಸ್ತೋ ಪಿಯಾಜ್ಜೋ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತ. ಐವತ್ತು ದಾಟಿದ ಗಂಡಸು, ಊರಿಗೆಲ್ಲ ಸಿನಿಮಾ ಸಂಗೀತದ ಮೇಸ್ಟ್ರು, ತಾಯಿ ಸತ್ತ ದುಃಖವನ್ನು ಕೂಡ ನೆಟ್ಟಗೆ ತೊಟ್ಟುಕೊಳ್ಳಲು ಬರದವನ ಹಾಗೆ ಕಂಡ. "ಯಾರೂ ನೋಡಲ್ಲ, ನಡಿ," ಎಂದಳು ಅಕ್ಕ, ಅವನ ತೋಳಿಗೆ ಕಪ್ಪು ಪಟ್ಟಿ ಹೊಲಿಯುತ್ತ, ದಾರವನ್ನು ಹಲ್ಲಿನಲ್ಲಿ ಕತ್ತರಿಸುತ್ತ. "ನೋಡಿದ್ರೂ ಸೂತಕದವನು ಅಂತ ಗೊತ್ತಾದ್ರೆ ಸಾಕು. ಮದುವೆಗೆ ಹೋಗ್ತಿದೀಯಾ ಏನು?" ಮದುವೆಗಲ್ಲ. ಇನ್ನೂ ಕೆಟ್ಟ ಕಡೆಗೆ ಹೋಗುತ್ತಿದ್ದೇನೆ ಎಂದು ಅವನಿಗೆ ಹೇಳಬೇಕೆನ್ನಿಸಿತು. ಒಲೆಯ ಪಕ್ಕದ ಕುರ್ಚಿ ಖಾಲಿ ಇತ್ತು. ಅದರ ಮೇಲೆ ಕೂರಲು ಇಬ್ಬರಿಗೂ ಇನ್ನೂ ಧೈರ್ಯ ಬಂದಿರಲಿಲ್ಲ.

ಅಮ್ಮ ಕಾತಲೀನಾ ಹೋದ ದಿನವೇ ಡೆಲ್ಮಿರಾ ರೇಡಿಯೋದ ಮೇಲೆ ಬಟ್ಟೆ ಹೊದಿಸಿ, ಪಿಯಾನೋಕ್ಕೆ ಬೀಗ ಹಾಕಿ, ಕೀಲಿಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದ್ದಳು. ಬೊಯೇದೋ ಬೀದಿಯ ಮರ್ಯಾದಸ್ಥರ ಮನೆಗಳಲ್ಲಿ ತಾಯಿಯ ಸೂತಕವೆಂದರೆ ಒಂದು ವರ್ಷ ಹಾಡಿಲ್ಲ, ಸಿನಿಮಾ ಇಲ್ಲ, ಬೀದಿಗೆ ಕೇಳಿಸುವ ನಗುವೂ ಇಲ್ಲ. ಅಂಗಳದ ಆಚೆಯ ಮನೆಯವರು ಕೂಡ ತಮ್ಮ ರೇಡಿಯೋವನ್ನು ಪಿಸುಮಾತಿಗೆ ಇಳಿಸಿದ್ದರು. "ಹೊರಗೆ ನಿನ್ನ ಹೊಟ್ಟೆಪಾಡು, ಅದಕ್ಕೆ ನಾನು ಅಡ್ಡ ಬರಲ್ಲ," ಎಂದಿದ್ದಳು ಅಕ್ಕ. "ಹೊಸ್ತಿಲೊಳಗೆ ಒಂದು ವರ್ಷ ಒಂದು ಸ್ವರ ಬೇಡ. ಶಿಳ್ಳೆ ಕೂಡ ಬೇಡ." ಅವನು ತಲೆಯಾಡಿಸಿದ್ದ. ಆದರೆ ತಲೆಯೊಳಗೆ ಆಗಲೇ ಒಂದು ರಾಗ ಬಂದು ಕೂತು ಸೂತಕವನ್ನು ಕೆಡಿಸಿಯಾಗಿತ್ತು.

ಟ್ರಾಮಿನಲ್ಲಿ ಎದುರಿಗೆ ಕೂತ ಹೆಂಗಸು ಅವನ ತೋಳಿನ ಪಟ್ಟಿ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಕಣ್ಣು ಕೋಟಿಗೆ ಇಳಿದಾಗ ಮುಖ ತಿರುಗಿಸಿ ತುಟಿ ಕಚ್ಚಿದಳು. ಜುಲೈ ತಿಂಗಳ ತುಂತುರು, ಹೊದ್ದು ಮಲಗಿದಂಥ ಆಕಾಶ. ಟ್ರಾಮಿನಿಂದ ಇಳಿದು ರೈಲು ಹಿಡಿಯುವಷ್ಟರಲ್ಲಿ ತೋಳಿನಿಂದ ಬಣ್ಣ ಬಿಟ್ಟು ಮಣಿಕಟ್ಟಿನ ಸುತ್ತ ನೇರಳೆ ಬಳೆ ಕಟ್ಟಿತ್ತು. ಕರವಸ್ತ್ರದಿಂದ ಉಜ್ಜಿದ, ಅದು ಕರವಸ್ತ್ರಕ್ಕೂ ಹತ್ತಿತು. ತೊಡೆಯ ಮೇಲೆ ಚರ್ಮದ ಚೀಲ, ಚೀಲದೊಳಗೆ ಪಿಟೀಲು, ತಿದಿ ಹಿಗ್ಗಿಸಿ ನುಡಿಸುವ ಬ್ಯಾಂಡೋನಿಯನ್, ದೊಡ್ಡ ಬಾಸು ಎಲ್ಲಕ್ಕೂ ಬಿಡಿಬಿಡಿಯಾಗಿ ಬರೆದ ಸ್ವರದ ಹಾಳೆಗಳು. ಮನೆಯಲ್ಲಿ ಕೂತು ಬರೆಯುವ ಹಾಗಿರಲಿಲ್ಲವೆಂದು ಮೂಲೆಯ ಕೆಫೆಯಲ್ಲಿ ಕೂತು ಬರೆದಿದ್ದ, ಪರಿಚಯದವರು ಬಂದು ಸಂತಾಪ ಹೇಳಿದಾಗಲೆಲ್ಲ ಹಾಳೆಗಳ ಮೇಲೆ ಪತ್ರಿಕೆ ಮುಚ್ಚುತ್ತ. ಇವತ್ತು ಆ ರಾಗವನ್ನು ಸ್ಟುಡಿಯೋದಲ್ಲಿ ನುಡಿಸಿ ಸಿನಿಮಾಕ್ಕೆ ಸೇರಿಸಬೇಕು. ಸೇರಿಸಿದರೆ ಅಮ್ಮನ ಹೆಣದ ಮೇಲಿನಿಂದ ಎತ್ತಿದ್ದನ್ನು ಕೈಯಾರೆ ಪರದೆಗೆ ಕಟ್ಟಿದ ಹಾಗೆ. ಸೇರಿಸದಿದ್ದರೆ ಜೀವಮಾನದಲ್ಲಿ ತಾನು ಮಾಡಿದ ಒಂದೇ ಒಂದು ನಿಜವಾದ ರಾಗ ಹುಟ್ಟಿದಲ್ಲೇ ಸಾಯುತ್ತದೆ. ಅವನಿಗೆ ಎರಡೂ ಬೇಡವಾಗಿತ್ತು, ಎರಡೂ ಬೇಕಾಗಿತ್ತು. ರೈಲು ಮಾತ್ರ ತನ್ನ ಪಾಡಿಗೆ ಊರು ದಾಟುತ್ತಿತ್ತು.

ಹೆಣ ಕಾಯುವ ರಾತ್ರಿ ಅದು ಬಂದದ್ದು. ಮುಂದಿನ ಕೋಣೆಯಲ್ಲಿ ಮೇಣದ ಬತ್ತಿಗಳ ನಡುವೆ ಅಮ್ಮ ಮಲಗಿದ್ದಳು. ಗೋಡೆಯುದ್ದಕ್ಕೆ ಕಪ್ಪು ಬಟ್ಟೆ ಉಟ್ಟ ಹೆಂಗಸರು. ಗಂಡಸರು ಪದ್ಧತಿಯಂತೆ ಅಡುಗೆಮನೆ ಸೇರಿ ಕಾಫಿಯ ಜೊತೆ ಸೋಂಪಿನ ಮದ್ಯ ಹೀರುತ್ತ ಜೋಕು ಹೇಳುತ್ತಿದ್ದರು. ಅವರ ನಡುವೆ ಲಾನ್‌ಫ್ರಾಂಕೋ, ಅವನ ವಾದ್ಯಮೇಳದಲ್ಲಿ ಬ್ಯಾಂಡೋನಿಯನ್ ನುಡಿಸುವ ಹಳೆಯ ಗೆಳೆಯ. ಸಾವಿನ ಮನೆಗಳಲ್ಲಿ ಇವನಷ್ಟು ಚೆನ್ನಾಗಿ ಜೋಕು ಹೇಳುವವನು ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ, ಕರೆಯದೆಯೂ ಬರುತ್ತಿದ್ದ. ಎವಾರಿಸ್ತೋ ಅಮ್ಮನ ತಲೆಯ ಬದಿ ಕೂತಿದ್ದ. ಜಪಸರ ಎಣಿಸುತ್ತಿದ್ದ ಮುದುಕಿಯೊಬ್ಬಳು ಪ್ರತಿ ಸಲವೂ ಪ್ರಾರ್ಥನೆಯ ಕೊನೆಯನ್ನು ಎಳೆದು ಕೆಳಕ್ಕೆ ಬಿಡುತ್ತಿದ್ದಳು, ಆ ಎಳೆತ ಮುಗಿಯುವ ಮೊದಲೇ ಅಡುಗೆಮನೆಯಿಂದ ಅದುಮಿಟ್ಟ ನಗು ಒಡೆಯುತ್ತಿತ್ತು. ಆ ಎರಡರ ನಡುವಿನ ಸಂದಿಯಿಂದ ಕೆಲವು ಸ್ವರಗಳು ಇಳಿದು ಬಂದವು. ಮೆಟ್ಟಿಲಿಳಿಯುತ್ತಿದ್ದವರು ಏನೋ ಮರೆತ ಹಾಗೆ ನಡುವೆ ನಿಂತುಬಿಟ್ಟವು. ಅವನು ಅಟ್ಟಲು ನೋಡಿದ. ದುಃಖ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು, ಇದು ದುಃಖವಲ್ಲ, ಇದು ಬಾಯಲ್ಲಿ ನೀರೂರುವುದು. ಪಿಟೀಲು ಇಲ್ಲಿ ಸುಮ್ಮನಿರಬೇಕು ಎಂದು ಯೋಚಿಸಿದ. ಎಷ್ಟು ಹೊತ್ತಿನಿಂದ ಅಮ್ಮನ ಮುಖವನ್ನೇ ನೋಡುತ್ತಿದ್ದೇನೆ, ಆದರೆ ಅಮ್ಮ ಕಾಣಿಸುತ್ತಿಲ್ಲ ಎಂದು ಥಟ್ಟನೆ ಹೊಳೆಯಿತು. ಅವನ ಬೆರಳುಗಳು ಶವಪೆಟ್ಟಿಗೆಯ ಅಂಚಿನ ಮೇಲೆ ಓಡಾಡುತ್ತಿದ್ದವು. ಆಗ ಡೆಲ್ಮಿರಾ ಬಂದು ಪಕ್ಕದಲ್ಲಿ ಕೂತಳು, ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕಪ್ಪು ಶಾಲಿನೊಳಗೆ ಎಳೆದುಕೊಂಡಳು. ಪಾಪ, ಹೇಗೆ ನಡುಗ್ತಿದಾನೆ ನೋಡಿ, ಎಂದಳು ಯಾವಳೋ. ಆ ಶಾಲಿನ ಕತ್ತಲಲ್ಲಿ, ಅಕ್ಕನ ಬೆಚ್ಚಗಿನ ಹಿಡಿತದಲ್ಲಿ, ರಾಗದ ಎರಡನೆಯ ಭಾಗ ತಾನೇ ತಾನಾಗಿ ಪೂರ್ತಿಯಾಯಿತು. ಅಷ್ಟಕ್ಕೇ ನಿಂತಿದ್ದರೆ ಕ್ಷಮಿಸಿಕೊಳ್ಳಬಹುದಿತ್ತೇನೋ. ನಿರ್ದೇಶಕ ಓಯಾರ್ಬಿದೆಯ ಹೊಸ ಸಿನಿಮಾದಲ್ಲಿ ತಾಯಿ ಸಾಯುವ ದೃಶ್ಯವಿದೆ, ಅದಕ್ಕೆ ಅಳತೆ ತೆಗೆದು ಹೊಲಿದ ಹಾಗಿದೆ, ಎಂದೂ ಅದೇ ಹೊತ್ತಿಗೆ ಅವನು ಯೋಚಿಸಿದ್ದ.

ಮೊದಲ ಸಲವೇನಲ್ಲ. ಹಾಗೆ ನೋಡಿದರೆ ಅವನ ಬದುಕಿನಲ್ಲಿ ಆದದ್ದೆಲ್ಲ ಯಾವುದಾದರೊಂದು ಸಿನಿಮಾದ ಯಾವುದಾದರೊಂದು ರೀಲಿನಲ್ಲಿ ಸಿಗುತ್ತದೆ. ಮೂಕಿ ಚಿತ್ರಗಳ ಕಾಲದಲ್ಲಿ ಬೀದಿಯ ಥಿಯೇಟರಿನಲ್ಲಿ, ಪರದೆಯ ಕೆಳಗೆ ಕತ್ತು ಮೇಲೆತ್ತಿ ಕೂತು ಪಿಯಾನೋ ಬಾರಿಸುತ್ತಿದ್ದವನು ಅವನು. ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಲೇ ಕುಸಿದನೆಂದು ಹೇಳಲು ಜನ ಬಂದಾಗ ಪರದೆಯ ಮೇಲೆ ಒಬ್ಬ ದಪ್ಪನೆಯವನು ಏಣಿಯಿಂದ ಬೀಳುತ್ತಿದ್ದ, ಜನ ಬಿದ್ದು ಬಿದ್ದು ನಗುತ್ತಿದ್ದರು. ಮ್ಯಾನೇಜರು ಕಿವಿಯಲ್ಲಿ ವಿಷಯ ಹೇಳಿ, "ರೀಲು ಮುಗಿಸಿ ಹೋಗಪ್ಪ," ಎಂದ. ಮುಗಿಸಿ ಹೋದ. ಆ ದಪ್ಪನೆಯವನ ಏಣಿಗೆ ಅವತ್ತು ಬಾರಿಸಿದ ಕುಣಿತದ ಗತ್ತು ಆಮೇಲೆ ಮಾತಿನ ಚಿತ್ರಗಳು ಬಂದಾಗ ಅವನ ಮೊದಲ ಜನಪ್ರಿಯ ಟ್ಯಾಂಗೋ ಹಾಡಾಯಿತು, ಹಾಲು ಮಾರುವವನೂ ಅದನ್ನು ಶಿಳ್ಳೆ ಹೊಡೆದ. ಮದುವೆಯಾಗಬೇಕಿದ್ದ ನೀದಿಯಾ ಒಂದು ಸಂಜೆ ರೈಲು ನಿಲ್ದಾಣದಲ್ಲಿ ಕೈಗವಸು ಹಾಕಿಕೊಳ್ಳುತ್ತ, ನಿನ್ನ ಜೊತೆ ಮಾತಾಡೋವಾಗ ನೀನು ಬೇರೇನೋ ಕೇಳಿಸ್ಕೊಳ್ತಾ ಇರ್ತೀಯ ಎವಾರಿಸ್ತೋ, ನಂಗೆ ಸಾಕಾಗಿದೆ, ಎಂದು ಹೇಳಿ ಹೋದಳು. ಆಗಲೂ ಅವನು ಬೇರೇನೋ ಕೇಳಿಸಿಕೊಳ್ಳುತ್ತಿದ್ದ. ನೀದಿಯಾ ಹೋದದ್ದು ಕುದುರೆ ಜೂಜಿನ ಚಿತ್ರವೊಂದರಲ್ಲಿ ಸೋತ ನಾಯಕನ ಹಿಂದೆ ನುಡಿಯಿತು, ಪತ್ರಿಕೆಯವರು ಹೃದಯ ಹಿಂಡುತ್ತದೆ ಎಂದು ಬರೆದರು. ಅವಳು ಎಲ್ಲೋ ಕೂತು ಅದನ್ನು ಕೇಳಿರಬೇಕು. ಕೇಳಿ ನಕ್ಕಿರಬೇಕು, ಇಲ್ಲ ಉಗಿದಿರಬೇಕು. ಹೆಣಕ್ಕೆ ಶೃಂಗಾರ ಮಾಡಬೇಡ ಎನ್ನುತ್ತಾರೆ. ಅವನು ಅದರಲ್ಲೇ ಮನೆಯ ಬಾಡಿಗೆ ಕಟ್ಟಿದವನು. ಅಮ್ಮನೊಬ್ಬಳನ್ನು ಮಾತ್ರ ಈವರೆಗೆ ಮುಟ್ಟಿರಲಿಲ್ಲ. ಅವಳು ಸುಮ್ಮನೆ ಒಲೆಯ ಪಕ್ಕ ಕೂತು ಕಹಿಸೊಪ್ಪಿನ ಕಷಾಯವನ್ನು ಸೋರೆಬುರುಡೆಯಲ್ಲಿ ಹೀರುತ್ತಿದ್ದವಳು. ಮಗನ ಹಾಡುಗಳ ಬಗ್ಗೆ ಒಂದು ದಿನ ಒಳ್ಳೆಯದೆಂದೂ ಅಂದವಳಲ್ಲ, ಕೆಟ್ಟದೆಂದೂ ಅಂದವಳಲ್ಲ. ಅವಳಿಗೆ ಇಷ್ಟವಿಲ್ಲವೆಂದೇ ಅವನು ತಿಳಿದಿದ್ದ.

ಸ್ಟುಡಿಯೋದ ಬಾಗಿಲಲ್ಲೇ ಲಾನ್‌ಫ್ರಾಂಕೋ ಸಿಗರೇಟು ಸೇದುತ್ತ ನಿಂತಿದ್ದ. ಎವಾರಿಸ್ತೋನನ್ನು ಮೇಲಿಂದ ಕೆಳಗೆ ನೋಡಿದ. "ಏನೋ ಇದು, ಬಿಷಪ್ಪರ ನಿಲುವಂಗಿ ಕದ್ಕೊಂಡು ಬಂದಿದೀಯಾ?"

"ಅಕ್ಕ ಬಣ್ಣ ಹಾಕಿದಳು."

"ನಿಮ್ಮಕ್ಕ ಸಂತೆ ಬಣ್ಣ ತಂದಿದಾಳೆ. ನಮ್ಮ ಅಪ್ಪ ಸತ್ತಾಗ ನಮ್ಮವ್ವ ನನ್ನ ಚಡ್ಡೀನೂ ಕುದಿಸಿಬಿಟ್ಲು ಕಣೋ. ಒಂದು ವರ್ಷ ಕುಂಡಿ ಕಪ್ಪಗಿತ್ತು." ನಗಲಿಲ್ಲ ಅವನು, ಬೇರೆಯವರನ್ನು ನಗಿಸುವಾಗ ಯಾವತ್ತೂ ನಗುವವನಲ್ಲ. ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. "ಬಾ. ಒಳಗೆ ಎಲ್ಲಾ ಕಾಯ್ತಿದಾರೆ. ನಿನ್ನ ಬಾಸು ನುಡಿಸೋನು ಆಗ್ಲೇ ಆಕಳಿಸ್ತಿದಾನೆ."

ದೊಡ್ಡ ಕೋಣೆಯಲ್ಲಿ ಪರದೆ ಇಳಿಬಿಟ್ಟಿದ್ದರು. ವಾದ್ಯದವರು ಅದಕ್ಕೆ ಬೆನ್ನು ಹಾಕಿ ಕೂತಿದ್ದರು, ಅವನೊಬ್ಬನೇ ಅದಕ್ಕೆ ಮುಖ ಮಾಡಿ ನಿಲ್ಲುವವನು. ಚಿತ್ರ ಓಡುತ್ತದೆ, ಅವನು ಅದರ ಉಸಿರು ನೋಡಿಕೊಂಡು ಕೈ ಎತ್ತುತ್ತಾನೆ. ಇಷ್ಟು ವರ್ಷ ಇದೇ ಅವನ ಕಸುಬು. ಜನ ಅಳಬೇಕಾದ ಕಡೆಗೆ ಸರಿಯಾಗಿ ಒಂದು ಕ್ಷಣ ಮೊದಲು ಹೋಗಿ ಕಾದು ನಿಲ್ಲುವುದು. ನಿರ್ದೇಶಕ ಬಾಸಿಲ್ಯೋ ಓಯಾರ್ಬಿದೆ ಎದ್ದು ಬಂದು ಅಪ್ಪಿಕೊಂಡ. ದೊಡ್ಡ ಮೈಯ, ಒಳ್ಳೆಯ ಮನಸ್ಸಿನ ಮನುಷ್ಯ, ಯಾರ ಮನೆಯಲ್ಲಿ ಸಾವಾದರೂ ಹೂವಿನ ಚಕ್ರ ಕಳಿಸದೆ ಇರುತ್ತಿರಲಿಲ್ಲ. "ಬೇಕಿದ್ರೆ ಮುಂದಕ್ಕೆ ಹಾಕೋಣ ಮೇಸ್ಟ್ರೇ. ನೀವು ಹೇಳಿದ್ರೆ ಸಾಕು."

"ಬೇಡ. ಬರೆದಾಗಿದೆ," ಎಂದ ಅವನು. ಹಾಳೆಗಳನ್ನು ಹಂಚುವಾಗ ಬೆರಳಿನ ನೇರಳೆ ಗುರುತು ಪ್ರತಿಯೊಂದರ ಅಂಚಿಗೂ ಹತ್ತಿತು.

ದೀಪ ಆರಿತು. ಬಡವರ ವಠಾರದ ಕೋಣೆ, ಮಂಚದ ಮೇಲೆ ಸತ್ತ ಅಗಸಗಿತ್ತಿ, ಬಾಗಿಲಲ್ಲಿ ಜೈಲಿನಿಂದ ಬಂದ ಮಗ ಟೊಪ್ಪಿ ಕೈಯಲ್ಲಿ ಹಿಡಿದು. ನಟಿ ಒಳ್ಳೆಯವಳೇ, ಆದರೆ ಸತ್ತವಳ ಕಣ್ಣೆವೆ ಒಮ್ಮೆ ಅದುರುತ್ತದೆ. ಬೇರೆ ಯಾರಿಗೂ ಕಾಣುವಂಥದ್ದಲ್ಲ. ಎವಾರಿಸ್ತೋ ಆ ಅದುರುವಿಕೆಗೆ ಸರಿಯಾಗಿ ಕೈ ಇಳಿಸಿದ. ಲಾನ್‌ಫ್ರಾಂಕೋನ ಬ್ಯಾಂಡೋನಿಯನ್ ತೊಡೆಯ ಮೇಲೆ ಮೈಮುರಿದು ಎದ್ದಿತು, ಸ್ವರಗಳು ಇಳಿದವು, ನಡುವೆ ನಿಂತವು. ಪಿಟೀಲುಗಳು ಸುಮ್ಮನಿದ್ದವು. ಅವನು ಪರದೆ ನೋಡುತ್ತಿದ್ದ, ಮಂಚದ ಮೇಲೆ ಇದ್ದದ್ದು ಅಗಸಗಿತ್ತಿಯಲ್ಲ. ಹೆಣ ಕಾಯುವ ರಾತ್ರಿ ಕಾಣಿಸದಿದ್ದ ಅಮ್ಮ ಇಲ್ಲಿ ಕಂಡಳು. ಹಣೆಯ ಮೇಲಿನ ಸುಟ್ಟ ಕಲೆ, ಒಂದು ಕಿವಿ ಇನ್ನೊಂದಕ್ಕಿಂತ ಚಿಕ್ಕದಿದ್ದದ್ದು, ತುಟಿಯ ಮೂಲೆಯಲ್ಲಿ ಯಾರನ್ನೋ ಬೈಯಲು ಹೊರಟು ಬೇಡವೆಂದು ಬಿಟ್ಟಂಥ ಗೆರೆ. ಅವನಿಗೆ ಆಗ ಮೊದಲ ಸಲ ಅಳು ಬಂತು. ಕೈ ನಿಲ್ಲಲಿಲ್ಲ, ಕಸುಬಿನ ಕೈ ಅದು. ಅಮ್ಮ ಸತ್ತಳು, ಅಮ್ಮ ಸತ್ತಳು ಎಂದು ಅಳತೆ ತಪ್ಪದೆ ಬೀಸುತ್ತಿತ್ತು. ಎರಡನೆಯ ಭಾಗ ಬಂದು, ಹೋಗಿ, ಮಗ ಮಂಚದ ಬದಿ ಮಂಡಿಯೂರಿದಾಗ ಎಲ್ಲ ಮುಗಿಯಿತು.

ದೀಪ ಹತ್ತಿತು. ಆಕಳಿಸುತ್ತಿದ್ದ ಬಾಸಿನವನು ಕೂಡ ಹಾಳೆಯನ್ನೇ ನೋಡುತ್ತಿದ್ದ. ಲಾನ್‌ಫ್ರಾಂಕೋ ವಾದ್ಯದ ಮಡಿಕೆಗಳನ್ನು ಮೆಲ್ಲಗೆ ಮುಚ್ಚಿ, ತಲೆ ತಗ್ಗಿಸಿಯೇ, ಇವನಿಗಷ್ಟೇ ಕೇಳುವ ಹಾಗೆ ಹೇಳಿದ. "ಅವತ್ತು ನಾನು ನಿಮ್ಮ ಅಡುಗೆಮನೇಲಿ ಪಾದ್ರಿ ಕತ್ತೆ ಕಥೆ ಹೇಳ್ತಿದ್ದಾಗ ನೀನು ಒಳಗೆ ಇದನ್ನ ಮಾಡ್ತಿದ್ದೆ."

"ನಿಂಗೆ ಹೇಗೆ ಗೊತ್ತು?"

"ಹೇಗೆ ಗೊತ್ತು ಅಂದ್ರೆ. ನಾನು ಕುರುಡನಾ? ಕಾಫಿ ಕೊಡೋಕೆ ಬಂದಾಗ ಪೆಟ್ಟಿಗೆ ಮೇಲೆ ನಿನ್ನ ಬೆರಳು ನೋಡ್ಲಿಲ್ವಾ? ಮಾಡಿದ್ದು ಒಳ್ಳೇದಾಯ್ತು ಬಿಡು. ನಾವೆಲ್ಲ ಅದೇ ಜಾತಿ. ನಮ್ಮಪ್ಪನ ಪೆಟ್ಟಿಗೆಗೆ ಮೊಳೆ ಹೊಡೀತಿದ್ರೆ ನಾನು ತಾಳ ಲೆಕ್ಕ ಹಾಕ್ತಿದ್ದೆ." ಗೆಳೆಯ ಸಮಾಧಾನಕ್ಕೆಂದೇ ಹೇಳಿದ್ದು. ಆದರೆ ಎವಾರಿಸ್ತೋಗೆ, ತನ್ನೊಬ್ಬನದೇ ಪಾಪವೆಂದು ಇಷ್ಟು ದಿನ ಅಡಗಿಸಿಟ್ಟುಕೊಂಡದ್ದು ಹೀಗೆ ಎಲ್ಲರ ಮನೆಯ ದೋಸೆಯ ತೂತಾಯಿತಲ್ಲ ಎಂದು ನಾಚಿಕೆಯಾಯಿತು. ಗೊತ್ತಾಗಿದ್ದರೆ ಬೇರೆಯವರಿಗೂ ಗೊತ್ತಾಗಿರಬೇಕು. ಡೆಲ್ಮಿರಾಳಿಗೆ ಒಬ್ಬಳಿಗೆ ಗೊತ್ತಿಲ್ಲ. ಅವಳು ಕೈ ಹಿಡಿದು ಕೂತಿದ್ದಳು, ನಡುಗುತ್ತಿದ್ದಾನೆಂದು.

ಓಯಾರ್ಬಿದೆ ಕಣ್ಣೊರೆಸಿಕೊಳ್ಳುತ್ತ ಬಂದ, ನಿಜವಾಗಿಯೇ ಒದ್ದೆಯಾಗಿದ್ದವು. "ಮೇಸ್ಟ್ರೇ, ನಂಗೆ ಮಾತು ಬರ್ತಿಲ್ಲ. ಇದೇ ನಮ್ಮ ಚಿತ್ರ. ಇಡೀ ಚಿತ್ರ ಇದರ ಮೇಲೇ ನಿಲ್ಲುತ್ತೆ. ಒಂದು ಕೆಲಸ ಮಾಡಿ. ಇದನ್ನೇ ಸ್ವಲ್ಪ ಚುರುಕಾಗಿ, ಕುಣಿಯೋ ಹಾಗೆ ಮಾಡಿಕೊಡಿ. ಕ್ಯಾಬರೆ ದೃಶ್ಯಕ್ಕೆ ಹಾಕ್ತೀನಿ. ಆ ಹುಡುಗಿ ಮೇಜಿನ ಮೇಲೆ ಕುಣೀತಾಳಲ್ಲ, ಅಲ್ಲಿ."

"ಕ್ಯಾಬರೆಗೆ ಬೇರೆ ಬರೆದುಕೊಟ್ಟಿದೀನಿ."

"ಅದು ಚೆನ್ನಾಗಿದೆ. ಆದ್ರೆ ಇದು ಇದ್ರೆ, ಮಗ ಕುಡಿದು ಕೂತಿರ್ತಾನೆ, ಅವನ ಕಿವಿಗೆ ಅಮ್ಮನ ರಾಗವೇ ಬೀಳುತ್ತೆ. ಜನ ಸತ್ತೇ ಹೋಗ್ತಾರೆ."

ತಪ್ಪೇನಿಲ್ಲ ಅದರಲ್ಲಿ. ಹಾಗೇ ಮಾಡುತ್ತಾರೆ, ತಾನೇ ಎಷ್ಟೋ ಸಲ ಮಾಡಿದ್ದಾನೆ, ಒಂದು ರಾಗವನ್ನು ಅಳಿಸಲಿಕ್ಕೂ ಕುಣಿಸಲಿಕ್ಕೂ ಬಳಸಿ ಎರಡು ಸಲ ಸಂಭಾವನೆ ಪಡೆದಿದ್ದಾನೆ. ಆದರೆ ಆ ಹುಡುಗಿಯ ಜರಿಯ ಚಡ್ಡಿ, ಮೇಜಿನ ಮೇಲೆ ಅವಳ ಹಿಮ್ಮಡಿ, ಸುತ್ತ ಕೂತು ಚಪ್ಪಾಳೆ ತಟ್ಟುವ ಬಾಡಿಗೆ ಕುಡುಕರು ಎಲ್ಲ ಅವನಿಗೆ ಸರಿಯಾಗಿ ಗೊತ್ತಿತ್ತು. ಆ ಮೇಜು ಹೋಗಿ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಮೇಣದ ಬತ್ತಿಗಳ ನಡುವೆ ನಿಂತಿತು. "ಆಗಲ್ಲ," ಎಂದ.

"ಯಾಕೆ?"

"ಆಗಲ್ಲ ಅಷ್ಟೇ. ಆ ದೃಶ್ಯಕ್ಕೆ ಮಾತ್ರ."

ಓಯಾರ್ಬಿದೆ ಬೇಸರ ಮಾಡಿಕೊಳ್ಳಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದ. "ಒಂದೇ ಸಲ ಬಂದು ಹೋದ ರಾಗ ಯಾರಿಗೆ ನೆನಪಿರುತ್ತೆ ಮೇಸ್ಟ್ರೇ? ಇದ್ರೆ ಚಿತ್ರದ ತುಂಬ ಇರಲಿ. ಇಲ್ಲದಿದ್ರೆ ಇದ್ದೂ ಇಲ್ಲದ ಹಾಗೆ. ನನಗೆ ಇದನ್ನ ಹೇಳಿಕೊಟ್ಟೋರೇ ನೀವು."

"ಹಾಗಾದ್ರೆ ಬೇಡವೇ ಬೇಡ," ಎಂದ ಎವಾರಿಸ್ತೋ. "ಅಳಿಸಿಬಿಡಿ."

ಲಾನ್‌ಫ್ರಾಂಕೋ, "ಎವಾರಿಸ್ತೋ, ಕೋತಿ ಹಾಗೆ ಆಡಬೇಡ," ಎಂದ ಮೆಲ್ಲಗೆ. ಓಯಾರ್ಬಿದೆ ಅವನ ಭುಜದ ಮೇಲೆ ಕೈ ಇಟ್ಟ. "ಮನೆಗೆ ಹೋಗಿ ಮಲಗಿ. ನಾಳೆ ಮಾತಾಡೋಣ." ನಾಳೆ ಎಂದರೆ ತಾನು ಒಪ್ಪುತ್ತೇನೆಂದು ಎವಾರಿಸ್ತೋಗೆ ತನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಯಾವತ್ತು ಒಪ್ಪದೆ ಇದ್ದೆ? ಏಣಿಯಿಂದ ಬೀಳುವವನಿಗೂ ಒಪ್ಪಿದವನು. "ಈಗಲೇ ಅಳಿಸಿ. ನನ್ನ ಕಣ್ಣೆದುರಿಗೆ," ಎಂದ, ಧ್ವನಿ ಏರಿ ಒಡೆಯಿತು, ಕೇಳಲು ಅಸಹ್ಯವಾಗಿತ್ತು. ಓಯಾರ್ಬಿದೆ ಒಂದು ಗಳಿಗೆ ಅವನನ್ನು, ಅವನ ಕೋಟನ್ನು, ಬಣ್ಣ ಹತ್ತಿದ ಕೈಗಳನ್ನು ನೋಡಿದ. ಮುಖದಲ್ಲಿದ್ದದ್ದು ಸಿಟ್ಟಲ್ಲ, ಕನಿಕರ. ಗಾಜಿನ ಆಚೆ ಕೂತ ಧ್ವನಿ ಯಂತ್ರದವನಿಗೆ ತಲೆಯಾಡಿಸಿದ. "ಆಯ್ತು. ಇಡೀ ಚಿತ್ರದ ಸಂಗೀತ ಬೇರೆಯವರ ಹತ್ತಿರ ಮಾಡಿಸಬೇಕಾಗುತ್ತೆ, ಅದು ನಿಮಗೆ ಗೊತ್ತಲ್ಲ."

ಟೇಪು ಹಿಂದಕ್ಕೆ ಸುತ್ತಿಕೊಂಡಿತು, ಮತ್ತೆ ಮುಂದಕ್ಕೆ ಓಡಿತು. ಯಾವ ಸದ್ದೂ ಇರಲಿಲ್ಲ. ಅಳಿಸುವಾಗ ಸದ್ದಾಗುವುದಿಲ್ಲವೆಂದು ಅವನಿಗೆ ಗೊತ್ತಿದ್ದರೂ ಕಿವಿಗೊಟ್ಟು ನಿಂತಿದ್ದ. ಆಮೇಲೆ ಒಬ್ಬೊಬ್ಬರ ಮುಂದಿನ ಹಾಳೆಯನ್ನೂ ತಾನೇ ಎತ್ತಿಕೊಂಡ. ಪಿಟೀಲಿನ ಹುಡುಗ ಎದ್ದು ನಿಂತು ಕೊಟ್ಟ. ಮೂಲೆಯ ಕಬ್ಬಿಣದ ಒಲೆಗೆ ಅವನ್ನೆಲ್ಲ ತುರುಕುವಾಗ ಲಾನ್‌ಫ್ರಾಂಕೋ ವಾದ್ಯವನ್ನು ಪೆಟ್ಟಿಗೆಗೆ ಹಾಕಿ ಬೆನ್ನು ತಿರುಗಿಸಿ ಕೂತಿದ್ದ. ಜೋಕು ಹೇಳಲಿಲ್ಲ.

ವಾಪಸು ಬರುವಾಗ ರೈಲಿನಿಂದ ಇಳಿದು ಟ್ರಾಮು ಹತ್ತದೆ ನಡೆದ. ಕೆಲಸ ಹೋಗಿದೆ, ಮಾತು ಹರಡುತ್ತದೆ, ಪಿಯಾಜ್ಜೋಗೆ ತಲೆ ಕೆಟ್ಟಿದೆ ಎನ್ನುತ್ತಾರೆ, ಮುಂದಿನ ಚಿತ್ರಕ್ಕೆ ಕರೆಯುವುದಿಲ್ಲ. ಇದೆಲ್ಲ ಗೊತ್ತಿದ್ದೂ ಎದೆ ಹಗುರಾಗಿತ್ತು, ಎಷ್ಟೋ ವರ್ಷಗಳ ಮೇಲೆ ಪಾಪನಿವೇದನೆ ಮಾಡಿ ಚರ್ಚಿನಿಂದ ಹೊರಬಂದವನ ಹಾಗೆ. ಎಲ್ಲರನ್ನೂ ಮಾರಿದೆ, ಅಮ್ಮನನ್ನು ಮಾರಲಿಲ್ಲ. ಅಂಗಡಿಗಳ ದೀಪ ಹತ್ತುತ್ತಿತ್ತು, ಗಾಜುಗಳಲ್ಲಿ ಬದನೆಕಾಯಿ ಬಣ್ಣದ ಕೋಟೊಂದು ಅವನ ಜೊತೆ ಜೊತೆಗೆ ನಡೆಯಿತು, ಅದರ ಬಗ್ಗೆ ಈಗ ನಾಚಿಕೆಯಾಗಲಿಲ್ಲ. ಅಕ್ಕನಿಗೆ ಎಲ್ಲ ಹೇಳಿಬಿಡಬೇಕು ಎಂದುಕೊಂಡ. ಮೊದಲು ತಪ್ಪು, ಆಮೇಲೆ ಅದನ್ನು ತಿದ್ದಿಕೊಂಡದ್ದು. ಅವಳು ಅಳಬಹುದು, ಬೈಯಬಹುದು, ಕೊನೆಗೆ ತಲೆಯ ಮೇಲೆ ಕೈ ಇಡುತ್ತಾಳೆ. ಆ ಕೈಗಾಗಿಯೇ ಅವನು ಸ್ವಲ್ಪ ಬೇಗ ಬೇಗ ನಡೆಯತೊಡಗಿದ.

ಡೆಲ್ಮಿರಾ ಅಡುಗೆಮನೆಯಲ್ಲಿ ಕುಂಬಳಕಾಯಿ, ಜೋಳದ ತೆನೆ ಹಾಕಿ ಮಾಂಸದ ಸಾರು ಕಾಯಿಸುತ್ತಿದ್ದಳು. ಅವನು ಕೋಟು ಬಿಚ್ಚದೆಯೇ, ಬಾಗಿಲ ಬಳಿ ನಿಂತೇ ಹೇಳಿದ. ಹೆಣದ ಪಕ್ಕ ಕೂತು ರಾಗ ಕಟ್ಟಿದ್ದು, ನೀನು ಕೈ ಹಿಡಿದಾಗ ನಾನು ನಡುಗುತ್ತಿರಲಿಲ್ಲ ಅಕ್ಕ, ಎಂದದ್ದು, ಕೆಫೆಯಲ್ಲಿ ಕದ್ದು ಬರೆದದ್ದು. ಅವಳು ಸೌಟು ಕೆಳಗಿಡಲಿಲ್ಲ.

"ಗೊತ್ತು," ಎಂದಳು.

"ಏನು ಗೊತ್ತು?"

"ಚಿಕ್ಕಂದಿನಲ್ಲಿ ಒಂದೇ ಮಂಚದ ಮೇಲೆ ಮಲಗ್ತಿದ್ವಿ. ರಾತ್ರಿಯೆಲ್ಲ ನನ್ನ ಬೆನ್ನ ಮೇಲೆ ನುಡಿಸ್ತಿದ್ದೆ. ನಿನ್ನ ಬೆರಳು ನಡುಗೋದು ಯಾವುದು, ಕೆಲಸ ಮಾಡೋದು ಯಾವುದು ಅಂತ ನಂಗೆ ಗೊತ್ತಾಗಲ್ವಾ? ಆ ಹೆಂಗಸರು ನೋಡ್ತಿದ್ರು, ಅದಕ್ಕೇ ಶಾಲು ಮುಚ್ಚಿದೆ." ಸಾರಿನ ರುಚಿ ನೋಡಿದಳು, ಉಪ್ಪು ಹಾಕಿದಳು. ಅವಳ ಧ್ವನಿ ಅವನು ನಿರೀಕ್ಷಿಸಿದಂತೆ ಇರಲಿಲ್ಲ, ಏನೋ ಕೇಳಲು ಸಂಕೋಚಪಡುವ ಹುಡುಗಿಯ ಧ್ವನಿಯ ಹಾಗಿತ್ತು. "ಹೇಗೆ ಬಂತು? ಇವತ್ತು ನುಡಿಸಿದ್ರಾ?"

"ನುಡಿಸಿದ್ರು," ಎಂದ.

"ನಾನು ಲೆಕ್ಕ ಹಾಕಿದ್ದೆ," ಎಂದಳು ಡೆಲ್ಮಿರಾ, ಈಗ ಅವನ ಕಡೆ ತಿರುಗಿ. "ಚಿತ್ರ ಜೋಡಿಸಿ, ದೊಡ್ಡ ಥಿಯೇಟರುಗಳಲ್ಲಿ ಓಡಿ, ನಮ್ಮ ಬೀದಿಯ ಥಿಯೇಟರಿಗೆ ಬರೋ ಹೊತ್ತಿಗೆ ವರ್ಷ ಕಳೆದಿರುತ್ತೆ ಅಲ್ವಾ? ನೀನೇ ಹೇಳ್ತಿದ್ದೆ, ಇಲ್ಲಿಗೆ ಬರೋವಾಗ ಹಳಸಿರುತ್ತೆ ಅಂತ. ಸೂತಕ ಕಳೆದಿರುತ್ತೆ. ಹೋಗಿ ಕೂತ್ಕೋತೀನಿ. ಯಾರಿಗೂ ಗೊತ್ತಾಗಲ್ಲ. ಕುಣಿಯೋ ಜಾಗಕ್ಕೆ ನಾನು ಯಾವತ್ತು ಹೋದವಳು? ನಿನ್ನ ಹಾಡು ಕೇಳಿದ್ದೆಲ್ಲ ಆ ಥಿಯೇಟರಲ್ಲೇ, ಅಮ್ಮನ ಜೊತೆ."

"ಅಮ್ಮನ ಜೊತೆ?"

"ಮತ್ತೆ ಯಾರ ಜೊತೆ. ನಿನ್ನ ಚಿತ್ರ ಬಂದಾಗಲೆಲ್ಲ ಬುಧವಾರದ ಮಧ್ಯಾಹ್ನದ ಆಟ. ನಿಂಗೆ ಹೇಳಬೇಡ ಅಂತಿದ್ಲು, ಅವನಿಗೆ ಜಂಭ ಬರುತ್ತೆ ಅಂತ. ಅವಳಿಗೆ ಓದೋಕೆ ಬರ್ತಿರಲಿಲ್ವಲ್ಲ. ನಿನ್ನ ಹೆಸರು ಪರದೆ ಮೇಲೆ ಬಂದ ತಕ್ಷಣ ನಾನು ಮೊಣಕೈಯಲ್ಲಿ ತಿವೀಬೇಕು. ತಿವಿದ್ರೆ ಈ ಕಡೆ ಕೂತವರಿಗೆ, ಅದು ನಮ್ಮ ಹುಡುಗ, ಅಂತ ಹೇಳಿ, ನಿನ್ನ ಹಾಡು ಬರೋವರೆಗೆ ಕಣ್ಣು ಮುಚ್ಚಿ ಕಾಯ್ತಿದ್ಲು. ಹಾಡು ಮುಗಿದ್ರೆ, ನಡಿ ಹೋಗೋಣ, ಉಳಿದದ್ದು ಸುಳ್ಳು, ಅಂತ ಎಬ್ಬಿಸೋಳು. ಒಂದು ಚಿತ್ರದ ಕೊನೆಯನ್ನೂ ನಾನು ನೋಡಿಲ್ಲ ಕಣೋ." ಅವಳು ನಗುತ್ತಿದ್ದಳು, ಸೂತಕದ ಮನೆಯೆಂದು ಬಾಯಿಗೆ ಏಪ್ರನ್ನು ಅಡ್ಡ ಹಿಡಿದು. "ಇದು ಅವಳದ್ದೇ ಅಲ್ವಾ. ಪೂರ್ತಿ ಕೂತು ನೋಡೋಣ ಅಂದ್ಕೊಂಡಿದೀನಿ."

ಅವನು ಹೇಳಿದ. ಸುಳ್ಳು ಹೇಳಬಹುದಿತ್ತು, ಅದು ಹೊಳೆಯಲಿಲ್ಲ. ಅಳಿಸಿದ್ದು, ಸುಟ್ಟದ್ದು, ಚಿತ್ರವೇ ಬೇರೆಯವರಿಗೆ ಹೋದದ್ದು ಎಲ್ಲ ಹೇಳಿದ. ಏಪ್ರನ್ನು ಅವಳ ಬಾಯಿಂದ ಮೆಲ್ಲಗೆ ಕೆಳಗಿಳಿಯಿತು.

"ತಲೇಲಿ ಇದೆಯಲ್ಲ?" ಎಂದಳು.

"ಇದೆ."

"ನಿನ್ನ ತಲೇಲಿದ್ರೆ ಥಿಯೇಟರಲ್ಲಿ ಕೂತ ನಂಗೆ ಹೇಗೆ ಕೇಳಿಸುತ್ತೆ?"

"ಕ್ಯಾಬರೆ ಹುಡುಗಿ ಕುಣಿಯೋದಕ್ಕೂ ಅದನ್ನೇ ಹಾಕ್ತೀನಿ ಅಂದ ಅಕ್ಕ. ಅಮ್ಮನ ರಾಗ. ಮೇಜಿನ ಮೇಲೆ. ನಾನು ಹೇಗೆ ಒಪ್ಪಲಿ?" ಅವನಿಗೆ ತನ್ನ ಮಾತು ದೂರದಲ್ಲಿ ಯಾರೋ ವಾದಿಸುತ್ತಿರುವಂತೆ ಕೇಳಿಸಿತು.

ಡೆಲ್ಮಿರಾ ಬಟ್ಟಲಿಗೆ ಸಾರು ಬಗ್ಗಿಸಿ, ಮೇಜಿನ ಮೇಲೆ ಅವನು ಕೂರುವ ಜಾಗದಲ್ಲಿ ಇಟ್ಟಳು. ಪಕ್ಕದಲ್ಲಿ ರೊಟ್ಟಿ ಇಟ್ಟಳು. ಬೈಯಲಿಲ್ಲ.

"ಹಾಕಿಕೊಳ್ಳಲಿ ಅಂತ ಬಿಡಬೇಕಿತ್ತು ಕಣೋ," ಎಂದಳು. "ಎರಡು ಸಲ ಕೇಳಿಸ್ತಿತ್ತು."